ತಾಳಮದ್ದಳೆಯ ಇಂಗ್ಲಿಷ್

ಕ್ರಿಸ್ಮಸ್ ರಜೆ ಮುಗಿದು ಶಾಲೆ ತೆರೆದ ವಾರವೇ ಸಂಚಾಲಕರು ನಮ್ಮಿಬ್ಬರನ್ನೂ ಆಫೀಸಿಗೆ ಕರೆಸಿದರು. ಕುಳಿತುಕೊಳ್ಳಿ ಎನ್ನಲಿಲ್ಲ. ಅರ್ಧ ವಿಷಯ ಅದರಲ್ಲೇ ಗೊತ್ತಾಯಿತು.

“ಟ್ರೈನಿಂಗ್ ಆಗದವರನ್ನು ಇನ್ನು ಹೈಸ್ಕೂಲು ಕ್ಲಾಸಿಗೆ ಇಟ್ಟುಕೊಳ್ಳಲಿಕ್ಕೆ ಆಗುವುದಿಲ್ಲ. ಆರ್ಡರ್ ಬಂದುಂಟು. ಜೂನಿನಲ್ಲಿ ಟ್ರೈನಿಂಗ್ ಕಾಲೇಜಿಗೆ ಸೀಟು ಸಿಕ್ಕಿದರೆ ಹೋಗಿ ಓದಿ ಬನ್ನಿ, ನಿಮ್ಮ ಜಾಗ ಇಲ್ಲೇ ಇರ್ತದೆ. ಸಿಗದಿದ್ದರೆ ನಾನು ಬೇರೆ ಜನ ನೋಡ್ತೇನೆ. ಬೇಸರ ಮಾಡ್ಬೇಡಿ,” ಎಂದರು.

ಕೆಲಸ ಹೋಗುತ್ತದೆ, ಆದರೆ ಬೇಸರ ಮಾಡಬಾರದು. ನನಗೆ ಕಾವೂರಿನ ಮನೆಯಲ್ಲಿ ಹೆಂಡತಿ, ತೊಟ್ಟಿಲಲ್ಲಿ ಕೂಸು. ಪಕ್ಕದಲ್ಲಿ ನಿಂತಿದ್ದ ಚರಿತ್ರೆಯ ಟೀಚರಿಗೆ ಬಂದರಿನ ಹತ್ತಿರದ ಬಾಡಿಗೆ ಮನೆಯಲ್ಲಿ ತಾಯಿ. ಅಣ್ಣಂದಿರು ಬೊಂಬಾಯಿಯಲ್ಲಿ ತಮ್ಮ ತಮ್ಮ ಸಂಸಾರ ನೋಡಿಕೊಂಡಿದ್ದರು. ದೇರೆಬೈಲಿನ ಆ ಶಾಲೆ ಕೈಬಿಟ್ಟರೆ ಇಬ್ಬರಿಗೂ ನೆಲೆಯಿರಲಿಲ್ಲ. ಪದವಿಯೇನೋ ಇಬ್ಬರಿಗೂ ಇತ್ತು. ಆದರೆ ಟ್ರೈನಿಂಗ್ ಕಾಲೇಜಿನ ಬಾಗಿಲಲ್ಲಿ ಒಂದು ಪ್ರವೇಶ ಪರೀಕ್ಷೆ ಕುಳಿತಿತ್ತು: ಇಂಗ್ಲಿಷ್ ವ್ಯಾಕರಣದ ಒಂದು ಪತ್ರಿಕೆ, ಆಮೇಲೆ ಮೂರು ಮಂದಿಯ ಮುಂದೆ ಇಂಗ್ಲಿಷಿನಲ್ಲೇ ಸಂದರ್ಶನ.

ಆ ಬಾಗಿಲನ್ನು ನಾನು ಹಿಂದಿನ ವರ್ಷವೇ ತಟ್ಟಿ ಬಂದಿದ್ದೆ. ಹಂಪನಕಟ್ಟೆಯ ಪುಸ್ತಕದಂಗಡಿಯಲ್ಲಿ ಸಿಕ್ಕಿದ ಗೈಡೊಂದನ್ನು ಬಾಯಿಪಾಠ ಮಾಡಿ ಹೋಗಿದ್ದೆ. ಅದರಲ್ಲಿ ಮಿಸ್ಟರ್ ಎ ಮತ್ತು ಮಿಸ್ಟರ್ ಬಿ ಎಂಬ ಇಬ್ಬರು ಮಹನೀಯರಿದ್ದರು. ದಾರಿಯಲ್ಲಿ ಸಿಕ್ಕಾಗಲೆಲ್ಲ ಒಬ್ಬ “ವೇರ್ ಆರ್ ಯು ಗೋಯಿಂಗ್?” ಎನ್ನುವುದು, ಇನ್ನೊಬ್ಬ “ಟು ದ ಪೋಸ್ಟ್ ಆಫೀಸ್” ಎನ್ನುವುದು. ಸಂದರ್ಶನದಲ್ಲಿ ಒಬ್ಬರು ನನ್ನ ಹೆದರಿಕೆ ಬಿಡಿಸಲೆಂದೇ “ಹೌ ಡಿಡ್ ಯು ಕಮ್ ಹಿಯರ್ ದಿಸ್ ಮಾರ್ನಿಂಗ್?” ಎಂದು ನಗುತ್ತ ಕೇಳಿದರು. ಗೈಡಿನಲ್ಲಿ ಆ ಪ್ರಶ್ನೆ ಇರಲಿಲ್ಲ. ನನ್ನ ಬಾಯಿಂದ ಬಂದದ್ದು “ಟು ದ ಪೋಸ್ಟ್ ಆಫೀಸ್, ಸರ್.” ಸೀಟು ಅಲ್ಲಿಗೇ ಹೋಯಿತು.

ಈ ಕಥೆಯನ್ನು ಟೀಚರಿಗೆ ಹೇಳಿದಾಗ ಅವರು ಮೇಜಿನ ಮೇಲೆ ತಲೆಯಿಟ್ಟು ನಕ್ಕರು. ನನಗೆ ಸಿಟ್ಟು ಬಂತು. ನಕ್ಕು ಮುಗಿಸಿ ಅವರೇ ಹೇಳಿದರು, “ನಿಮಗೆ ಮಾತು ಬರುವುದಿಲ್ಲ, ನನಗೆ ಗ್ರಾಮರ್ ಬರುವುದಿಲ್ಲ ಮಾಸ್ಟ್ರೇ. ಒಟ್ಟಿಗೆ ಓದುವಾ. ಇಬ್ಬರೂ ಮುಳುಗುವುದಾದ್ರೆ ಕಂಪನಿ ಆದ್ರೂ ಉಂಟು.”

ಅವರು ಹೇಳಿದ್ದು ಸರಿಯಾಗಿತ್ತು. ಅವರ ತಂದೆ ಕಡಲ ಹಡಗಿನಲ್ಲಿ ಕೆಲಸಕ್ಕಿದ್ದವರು. ಮನೆಯಲ್ಲಿ ಕೊಂಕಣಿಯ ಜೊತೆಗೆ ಇಂಗ್ಲಿಷೂ ಓಡಾಡುತ್ತಿತ್ತು. ಮಾತಾಡಲು ಟೀಚರಿಗೆ ಅಂಜಿಕೆಯಿಲ್ಲ. ಆದರೆ ನಿನ್ನೆ ನಡೆದದ್ದು ನಾಳೆಯ ಕ್ರಿಯಾಪದದಲ್ಲಿ ಬರುತ್ತಿತ್ತು. ಗಣಿತ ಕಲಿಸುವ ನನಗಾದರೋ ವ್ಯಾಕರಣವೆಂದರೆ ಬೀಜಗಣಿತದ ತಂಗಿ. ಕರ್ತರಿಯನ್ನು ಕರ್ಮಣಿ ಮಾಡು, ನೇರ ಮಾತನ್ನು ವರದಿಯ ಮಾತಾಗಿ ಬದಲಿಸು ಎಂದರೆ, ಸಮೀಕರಣದಲ್ಲಿ ಚಿಹ್ನೆ ಬದಲಿಸಿದಂತೆ ಬರೆದುಬಿಡುತ್ತಿದ್ದೆ. ಬರೆದದ್ದನ್ನು ಬಾಯಿಬಿಟ್ಟು ಹೇಳು ಎಂದರೆ ಗಂಟಲು ಕಟ್ಟುತ್ತಿತ್ತು.

ಶನಿವಾರ ಮಧ್ಯಾಹ್ನ ಮತ್ತು ಭಾನುವಾರ ಚರ್ಚಿನ ಪೂಜೆ ಮುಗಿದ ಮೇಲೆ ಅವರ ಮನೆಯ ಜಗಲಿಯಲ್ಲಿ ಅಭ್ಯಾಸವೆಂದು ನಿಶ್ಚಯವಾಯಿತು. ಜಗಲಿಯ ಮುಂದೆ ಗೋದಾಮುಗಳಿಗೆ ಹೋಗುವ ಓಣಿ. ಕೈಗಾಡಿಯವರ ಕೂಗು, ಒಣಮೀನಿನ ವಾಸನೆ. ಅವರ ತಾಯಿ ಬಾಗಿಲ ಪಕ್ಕದ ಸ್ಟೂಲಿನಲ್ಲಿ ಅಕ್ಕಿ ಆರಿಸುತ್ತ ಕುಳಿತಿರುತ್ತಿದ್ದರು. ಅವರಿಗೆ ಕೊಂಕಣಿ, ಸ್ವಲ್ಪ ತುಳು, ಅದಕ್ಕಿಂತ ಸ್ವಲ್ಪ ಹೆಚ್ಚು ಕನ್ನಡ. ಗಂಡ ಮತ್ತು ಮಕ್ಕಳು ಆಡುತ್ತಿದ್ದ ಇಂಗ್ಲಿಷನ್ನು ಅವರು ಜೀವಮಾನವಿಡೀ ಕಲಿಯದೆ ತಪ್ಪಿಸಿಕೊಂಡಿದ್ದರು.

ಮೊದಲ ತಿಂಗಳು ಗೈಡನ್ನೇ ಹಿಡಿದುಕೊಂಡೆವು. ನಾನು ಮಿಸ್ಟರ್ ಎ, ಅವರು ಮಿಸ್ಟರ್ ಬಿ. ಪುಸ್ತಕ ಮುಚ್ಚಿಯೂ ಒಪ್ಪಿಸಬಲ್ಲೆ ಎಂದಾದಾಗ ನನಗೆ ಧೈರ್ಯ ಬಂದಿತ್ತು. ಒಂದು ದಿನ ಅವರು ಬೇಕೆಂದೇ ಪಾಠ ತಪ್ಪಿಸಿದರು. ನಾನು ಪೋಸ್ಟ್ ಆಫೀಸಿಗೆ ಹೊರಟೆನೆಂದಾಗ, ಗೈಡಿನಲ್ಲಿದ್ದಂತೆ “ಲೆಟ್ ಅಸ್ ಗೋ ಟುಗೆದರ್” ಎನ್ನುವ ಬದಲು “ಇವತ್ತು ಭಾನುವಾರ ಅಲ್ವಾ, ಅಲ್ಲಿ ಎಂತ ಮಾಡ್ಲಿಕ್ಕೆ ಹೋಗ್ತೀರಿ?” ಎಂದು ಇಂಗ್ಲಿಷಿನಲ್ಲಿ ಕೇಳಿದರು.

ಉತ್ತರ ತಲೆಯಲ್ಲಿತ್ತು, ಕನ್ನಡದಲ್ಲಿ ನಾಲ್ಕು ಬಗೆಯಾಗಿತ್ತು. ಇಂಗ್ಲಿಷಿನಲ್ಲಿ ಒಂದೂ ಇರಲಿಲ್ಲ. ಗೈಡನ್ನು ಎತ್ತಿ ಓಣಿಗೆ ಎಸೆದೆ. ಕೈಗಾಡಿಯವನೊಬ್ಬ ಅದನ್ನು ಹೆಕ್ಕಿ, ದುರುಗುಟ್ಟಿ ನೋಡಿ, ಗಾಡಿಯ ಮೇಲಿಟ್ಟುಕೊಂಡು ಹೋದ. ಅವನಿಗೆ ಏನಾದರೂ ಉಪಯೋಗವಾಗಿದ್ದರೆ ಸಂತೋಷ.

“ನಿಮಗೆ ಮಾತು ಬರುವುದಿಲ್ಲ ಅಂತ ನಾನು ನಂಬುವುದಿಲ್ಲ,” ಎಂದರು ಟೀಚರ್. “ಸ್ಟಾಫ್ ರೂಮಿನಲ್ಲಿ ನಿಮ್ಮ ಬಾಯಿ ಮುಚ್ಚಿದ್ದು ಯಾರು ನೋಡಿದ್ದಾರೆ? ಮತ್ತೆ ಆ ನಿಮ್ಮ ತಾಳಮದ್ದಳೆ ಉಂಟಲ್ಲ, ಅಲ್ಲಿ ಎಷ್ಟು ಹೊತ್ತು ಮಾತಾಡ್ತೀರಿ? ಅದನ್ನೆಲ್ಲ ಬಾಯಿಪಾಠ ಮಾಡಿದ್ದಾ?”

“ಬಾಯಿಪಾಠವಾ! ಹಾಗೆ ಮಾಡಿದರೆ ಎದುರಿನವ ಸುಲಿದು ಇಡ್ತಾನೆ,” ಎಂದೆ.

ಹೇಳಿದ ಮೇಲೆ ಆ ಮಾತು ನನಗೇ ಕೇಳಿಸಿತು. ಕಾವೂರಿನ ನಮ್ಮ ಸಂಘದಲ್ಲಿ ನಾನು ಹವ್ಯಾಸಿ ಅರ್ಥಧಾರಿ. ತಾಳಮದ್ದಳೆಯೆಂದರೆ ವೇಷವಿಲ್ಲದ, ಕುಣಿತವಿಲ್ಲದ, ಕುಳಿತು ಮಾಡುವ ಯಕ್ಷಗಾನ. ಭಾಗವತರು ಪದ ಹಾಡುತ್ತಾರೆ. ಆ ಪದದಲ್ಲಿ ಇರುವುದು ಎರಡು ಸಾಲಿನ ಸಂಗತಿ ಮಾತ್ರ. ಎದುರುಬದುರು ಕುಳಿತ ಅರ್ಥಧಾರಿಗಳು ಅದರ ಮೇಲೆ ಅಲ್ಲಿಂದಲ್ಲಿಗೇ ಮಾತು ಕಟ್ಟುತ್ತಾರೆ. ಎದುರಿನವನು ಏನು ಕೇಳುತ್ತಾನೆಂದು ಯಾರಿಗೂ ಗೊತ್ತಿರುವುದಿಲ್ಲ. ಅಲ್ಲಿ ನನಗೆ ಒಮ್ಮೆಯೂ ಗಂಟಲು ಕಟ್ಟಿದ್ದಿಲ್ಲ. ಇಂಗ್ಲಿಷನ್ನೂ ಅದೇ ಕ್ರಮದಲ್ಲಿ ಆಡಿನೋಡುವುದೆಂದು ಆ ಮಧ್ಯಾಹ್ನವೇ ತೀರ್ಮಾನಿಸಿದೆ.

ಕ್ರಮ ಹೀಗೆ ಮಾಡಿಕೊಂಡೆವು. ಯಾವುದಾದರೂ ಹಳೆಯ ಇಂಗ್ಲಿಷ್ ಪತ್ರಿಕೆಯಿಂದ ಟೀಚರ್ ಎರಡು ಸಾಲು ಓದುವುದು, ಅದೇ ಪದ. ಆಮೇಲೆ ಇಬ್ಬರಿಗೂ ಒಂದೊಂದು ಪಾತ್ರ. ಟಿಕೆಟ್ ಕಳೆದುಕೊಂಡ ಪ್ರಯಾಣಿಕ, ಅವನನ್ನು ಬಿಡದ ಸ್ಟೇಷನ್ ಮಾಸ್ಟರ್. ಮಗನಿಗೆ ಅಂಕ ಕಡಿಮೆ ಬಂತೆಂದು ಜಗಳಕ್ಕೆ ಬಂದ ತಂದೆ, ಬಗ್ಗದ ಹೆಡ್ ಮಾಸ್ಟ್ರು. ಬರೆದಿಟ್ಟುಕೊಳ್ಳುವಂತಿಲ್ಲ. ವ್ಯಾಕರಣ ತಪ್ಪಿದರೆ ಎದುರಿನವರು ಕುರ್ಚಿಯ ಕೈಗೆ ಪೆನ್ಸಿಲಿನಿಂದ ಕುಟ್ಟಬೇಕು; ತಪ್ಪಿದವರು ವಾಕ್ಯವನ್ನು ಮೊದಲಿನಿಂದ ಹೇಳಬೇಕು. ಮಾತು ನಿಂತರೂ ಕುಟ್ಟಬೇಕು. ಕೊನೆಗೆ ಇಡೀ ಸಂವಾದವನ್ನು “ಹೀಗೆಂದು ಅವನು ಕೇಳಿದನು, ಹಾಗೆಂದು ಅವಳು ಹೇಳಿದಳು” ಎಂದು ವರದಿಯ ಮಾತಿಗೆ ತಿರುಗಿಸಿ ಬರೆಯಬೇಕು. ಟೀಚರಿಗೆ ಬೇಕಾದ ಕಾಲಗಳ ಅಭ್ಯಾಸವೆಲ್ಲ ಅದರಲ್ಲೇ ಆಗುತ್ತಿತ್ತು.

ಮೊದಮೊದಲು ಪೆನ್ಸಿಲಿನ ಸದ್ದೇ ಹೆಚ್ಚು. ನಾನು “ಸರ್, ಮೈ ಟಿಕೆಟ್…” ಎಂದು ನಿಂತರೆ ಅವರು ಕುಟ್ಟುವರು. ಅವರು “ಯು ಆರ್ ಲೂಸ್ ಇಟ್ ಯೆಸ್ಟರ್ಡೇ” ಎಂದರೆ ನಾನು ಎರಡು ಪಟ್ಟು ಜೋರಾಗಿ ಕುಟ್ಟುವೆ. ಆಮೇಲೆ ಯಾವುದೋ ಒಂದು ಶನಿವಾರ, ಸ್ಟೇಷನ್ ಮಾಸ್ಟರ್ ಆಗಿದ್ದ ಟೀಚರ್ ನನ್ನನ್ನು ಸುಳ್ಳುಗಾರ ಎಂದರು. ನನಗೆ ರೇಗಿತು. ರೇಗಿದಾಗ ಬಾಯಿಯಿಂದ ಬಂದದ್ದು ಇಂಗ್ಲಿಷ್. ಟಿಕೆಟ್ ಕೊಂಡದ್ದು, ಜೇಬು ಹರಿದಿದ್ದದ್ದು, ರೈಲ್ವೆಯ ಕುರ್ಚಿಯ ಮೊಳೆಗೇ ಜೇಬು ಸಿಕ್ಕಿದ್ದು, ಆದ್ದರಿಂದ ತಪ್ಪು ರೈಲ್ವೆಯದೇ ಎಂದು ಒಂದೇ ಉಸಿರಿಗೆ ವಾದಿಸಿದೆ. ಪೆನ್ಸಿಲ್ ಕುಟ್ಟುವುದನ್ನೂ ಮರೆತು ಟೀಚರ್ ಕೈ ತಟ್ಟಿದರು. ಅವರ ತಾಯಿ ಬೆಚ್ಚಿ ಅಕ್ಕಿಯ ಗೆರಸೆಯನ್ನು ಎತ್ತಿಕೊಂಡು ಒಳಗೆ ಹೋದರು. ಅವತ್ತು ಬಸ್ಸು ಹಿಡಿಯದೆ ಹಂಪನಕಟ್ಟೆಯವರೆಗೆ ನಡೆದೆ. ಅಷ್ಟು ಹಗುರವಾಗಿದ್ದೆ.

ಹಗುರವಾದದ್ದು ಹೆಚ್ಚಾಯಿತೆಂದು ಏಪ್ರಿಲಿನಲ್ಲಿ ಗೊತ್ತಾಯಿತು. ನಮ್ಮ ಹೆಡ್ ಮಾಸ್ಟ್ರು ಒಳ್ಳೆಯವರು. ಒಂದು ಸುಳ್ಳು ಸಂದರ್ಶನ ಮಾಡಿ ನೋಡೋಣವೆಂದು ತಾವಾಗಿಯೇ ಹೇಳಿದರು. ಟೀಚರನ್ನು ಮೊದಲು ಕೇಳಿ, ಪರವಾಗಿಲ್ಲ ಎಂದರು. ಆಮೇಲೆ ನನ್ನನ್ನು ಕುಳ್ಳಿರಿಸಿ, ನಾಳೆ ಹಂಚಿನ ಕಾರ್ಖಾನೆಗೆ ಹೋಗುವ ಮಕ್ಕಳಿಗೆ ಬೀಜಗಣಿತ ಕಲಿಸಿ ಏನು ಪ್ರಯೋಜನ ಎಂದು ಇಂಗ್ಲಿಷಿನಲ್ಲಿ ಕೇಳಿದರು.

ತಾಳಮದ್ದಳೆಯಲ್ಲಿ ಪ್ರಶ್ನೆಗೆ ಉತ್ತರ ಹೇಳುವವನು ಅರ್ಧ ಸೋತ ಹಾಗೆ. ಪ್ರಶ್ನೆಯನ್ನು ಕೇಳಿದವನ ಮಡಿಲಿಗೇ ತಿರುಗಿ ಹಾಕಬೇಕು. “ಅಂಥ ಪ್ರಶ್ನೆ ಕೇಳುವ ಹೆಡ್ ಮಾಸ್ಟರಿಂದ ಶಾಲೆಗೆ ಏನು ಪ್ರಯೋಜನ, ಸರ್?” ಎಂದೆ, ಒಂದೂ ವ್ಯಾಕರಣ ತಪ್ಪಿಲ್ಲದ ಇಂಗ್ಲಿಷಿನಲ್ಲಿ. ಹೇಳಿ, ಅಭ್ಯಾಸಬಲದಿಂದ ಸಭೆಯ ಕಡೆಗೆ ನೋಡಿದೆ. ಸಭೆಯಲ್ಲಿ ಟೀಚರ್ ಒಬ್ಬರೇ ಇದ್ದರು. ಅವರು ಕಣ್ಣು ಮುಚ್ಚಿಕೊಂಡಿದ್ದರು.

ಹೆಡ್ ಮಾಸ್ಟ್ರ ಕಿವಿ ಕೆಂಪಾಯಿತು. “ಮಾರಾಯ್ರೇ, ನಿಮಗೆ ಸೀಟು ಬೇಕಾ, ಚಪ್ಪಾಳೆ ಬೇಕಾ?” ಎಂದು ಕೇಳಿ ಎದ್ದು ಹೋದರು.

ಆ ವಾರ ಬಹಳ ಸಂಕಟಪಟ್ಟೆ. ಮೊದಲು ಮೂಗನಾಗಿದ್ದೆ, ಈಗ ಜಗಳಗಂಟ. ಎರಡಕ್ಕೂ ಸೀಟು ಸಿಗುವುದಿಲ್ಲ. ಹಿಂದಿನ ಕ್ರಮಕ್ಕೆ ಮರಳೋಣವೆಂದರೆ ಗೈಡು ಕೈಗಾಡಿಯಲ್ಲಿ ಹೋಗಿಯಾಗಿತ್ತು. ಪರೀಕ್ಷೆಗೆ ಇನ್ನು ಕೆಲವೇ ವಾರ. ನಮ್ಮ ಸಂಘದ ಹಿರಿಯ ಅರ್ಥಧಾರಿಯೊಬ್ಬರು ಆಗ ನೆನಪಾದರು. ಗೆಲ್ಲುವ ಪಾತ್ರಗಳಿಗೆ ನಾವು ಹುಡುಗರು ಮುಗಿಬೀಳುತ್ತಿದ್ದಾಗ ಅವರು ಸೋಲುವ ಪಾತ್ರವನ್ನು ಕೇಳಿ ಪಡೆಯುತ್ತಿದ್ದರು. “ಗೆಲ್ಲಿಸ್ಲಿಕ್ಕೆ ಪ್ರಸಂಗದ ಕಥೆಯೇ ಉಂಟು ಮಾರಾಯ, ಸೋಲ್ಲಿಕ್ಕೆ ಅರ್ಥಧಾರಿ ಬೇಕು,” ಎನ್ನುವರು. ಕಥೆಯಲ್ಲಿ ಸೋಲಬೇಕಾದವನು ಎಲ್ಲಿ ಹೇಗೆ ಒಪ್ಪಿಕೊಳ್ಳುತ್ತಾನೆಂಬುದರಲ್ಲಿ ಅವರ ವಿದ್ಯೆಯಿತ್ತು. ಮುಖ ಸಣ್ಣ ಮಾಡದೆ, ನೆಪ ಹೇಳದೆ ಒಪ್ಪಿಕೊಳ್ಳುವರು. ಜನ ಗೆದ್ದವನನ್ನು ಬಿಟ್ಟು ಅವರನ್ನೇ ನೋಡುತ್ತಿದ್ದರು.

ಭಾನುವಾರ ಜಗಲಿಯಲ್ಲಿ ಕುಳಿತು ಟೀಚರಿಗೆ ಹೇಳಿದೆ, “ಇನ್ನು ನೀವು ನನ್ನನ್ನು ಸೋಲಿಸಬೇಕು. ನನಗೆ ಗೊತ್ತಿಲ್ಲದ್ದನ್ನೇ ಕೇಳಬೇಕು. ನಾನು ತಿರುಗಿ ಪ್ರಶ್ನೆ ಹಾಕಿದರೆ ಕುಟ್ಟಿ.”

“ನಿಮಗೆ ಗೊತ್ತಿಲ್ಲದ್ದು ಉಂಟಾ ಮಾಸ್ಟ್ರೇ?” ಎಂದರು. ಬೇಕಿತ್ತು ನನಗೆ.

ಅವರಿಗೆ ಆ ಕೆಲಸ ಬಹಳ ಹಿಡಿಸಿತು. ಚರಿತ್ರೆ, ಸಂಗೀತ, ಹಡಗಿನ ಹಗ್ಗದ ಗಂಟುಗಳು, ಮಗುವಿಗೆ ನಾಯಿಕೆಮ್ಮು ಬಂದರೆ ಏನು ಮಾಡುವುದು – ಹುಡುಕಿ ಹುಡುಕಿ ಕೇಳಿದರು. “ಐ ಡು ನಾಟ್ ನೋ” ಎನ್ನುವ ನಾಲ್ಕು ಪದ ನನ್ನ ಬಾಯಿಯಿಂದ ಹೊರಡಲು ಪಟ್ಟ ಪಾಡು ಹೇಳಿ ಸುಖವಿಲ್ಲ. ಒಮ್ಮೆ ಸಿಡುಕಿನಿಂದ ಹೇಳಿದೆ, ಕುಟ್ಟಿದರು. ಒಮ್ಮೆ ಅಳುಮುಖದಲ್ಲಿ ಹೇಳಿದೆ, ಅದಕ್ಕೂ ಕುಟ್ಟಿದರು. ಗೊತ್ತಿಲ್ಲವೆಂದು ನೇರವಾಗಿ ಹೇಳಿ, ಅದರ ಪಕ್ಕದಲ್ಲಿ ನನಗೆ ಗೊತ್ತಿರುವುದು ಏನಾದರೂ ಇದ್ದರೆ ಅದನ್ನು ಒಂದು ವಾಕ್ಯದಲ್ಲಿ ಹೇಳಿ ಸುಮ್ಮನಾಗಬೇಕು. ಸುಮ್ಮನಾಗುವುದು ಎಲ್ಲಕ್ಕಿಂತ ಕಷ್ಟವಾಯಿತು. ಮಧ್ಯೆ ಮಧ್ಯೆ ನಾನು ಅವರಿಗೆ ವ್ಯಾಕರಣದ ಪ್ರಶ್ನೆ ಹಾಕಿ ಸೇಡು ತೀರಿಸಿಕೊಳ್ಳುತ್ತಿದ್ದೆ.

ಮೇ ತಿಂಗಳಲ್ಲಿ ಪರೀಕ್ಷೆಯಾಯಿತು. ಲಿಖಿತ ಪತ್ರಿಕೆಯನ್ನು ನಾನು ಹೊತ್ತಿಗೆ ಮುಂಚೆ ಮುಗಿಸಿದೆ. ಟೀಚರ್ ವಾಕ್ಯ ಬದಲಾಯಿಸುವ ಭಾಗದಲ್ಲಿ ಬರೆದು ಅಳಿಸಿ, ಅಳಿಸಿ ಬರೆದು, ಕೊನೆಯ ಪುಟಕ್ಕೆ ಹೋಗುವಾಗ ಗಂಟೆ ಹೊಡೆಯಿತಂತೆ. ಸಂದರ್ಶನ ಮರುದಿನ. ಅವರನ್ನು ಮೊದಲು ಕರೆದರು. ಒಳಗಿನಿಂದ ನಗು ಕೇಳಿಸಿತು, ಅವರೂ ನಗುತ್ತಲೇ ಬಂದರು. ಆಮೇಲೆ ನಾನು.

ಮೂವರಲ್ಲಿ ಹಿಂದಿನ ವರ್ಷದವರು ಯಾರೂ ಇರಲಿಲ್ಲ. ಅದೊಂದು ಪುಣ್ಯ. ಮೊದಲ ಪ್ರಶ್ನೆಗಳು ಊರು, ಶಾಲೆ, ಬಸ್ಸಿನ ವಿಷಯ. ಮಾತು ತಾನಾಗಿ ಬಂತು. ಆಗ ಬದಿಯಲ್ಲಿದ್ದ ಹಿರಿಯರು ಕನ್ನಡಕ ತೆಗೆದು, ಕಣ್ಣು ಕಾಣದ ಮಗುವೊಂದು ನಿಮ್ಮ ತರಗತಿಗೆ ಬಂದರೆ ರೇಖಾಗಣಿತವನ್ನು ಹೇಗೆ ಕಲಿಸುತ್ತೀರಿ ಎಂದು ಕೇಳಿದರು.

ಅಂಥ ಮಗು ನಮ್ಮ ಶಾಲೆಗೆ ಬಂದಿರಲಿಲ್ಲ. ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ‘ಇದು ಯಾವ ಪಠ್ಯಕ್ರಮದಲ್ಲಿದೆ, ಸರ್?’ ಎಂಬ ವಾಕ್ಯ ನಾಲಗೆಯ ತುದಿಗೆ ಬಂತು. ವ್ಯಾಕರಣ ಸರಿಯಿತ್ತು. ನುಂಗಿದೆ.

“ಐ ಡು ನಾಟ್ ನೋ, ಸರ್,” ಎಂದೆ. ಆಮೇಲೆ, ಗೊತ್ತಿದ್ದಷ್ಟು: ವೃತ್ತವನ್ನಾದರೆ ತೆಂಗಿನ ಗೆರಟೆಯ ಅಂಚು ಮುಟ್ಟಿಸಿ ಶುರು ಮಾಡಬಹುದೇನೋ.

“ಮತ್ತೆ ತ್ರಿಕೋನ?”

“ಅದನ್ನು ಆ ಮಗುವನ್ನೇ ಕೇಳಿ ಕಲಿಯಬೇಕು, ಸರ್,” ಎಂದು ಇಂಗ್ಲಿಷಿನಲ್ಲಿ ಹೇಳಿ ಬಾಯಿ ಮುಚ್ಚಿದೆ. ಹಿರಿಯರು ಕನ್ನಡಕ ಮತ್ತೆ ಹಾಕಿಕೊಂಡು, ತನಗೂ ಗೊತ್ತಿಲ್ಲವೆಂದರು. ಅಂಥ ಮೊಮ್ಮಗಳೊಬ್ಬಳಿದ್ದಾಳೆ, ಅದಕ್ಕಾಗಿ ಎಲ್ಲರನ್ನೂ ಕೇಳುತ್ತಿದ್ದೇನೆ ಎಂದರು. ಆ ಪಠ್ಯಕ್ರಮದ ಮಾತು ಹೊರಗೆ ಬಿದ್ದಿದ್ದರೆ ಆ ಮುಖವನ್ನು ನಾನು ಇಂದಿಗೂ ಮರೆಯುತ್ತಿರಲಿಲ್ಲ.

ಪಟ್ಟಿ ಹಚ್ಚಿದ ದಿನ ನನ್ನ ಹೆಸರು ಅದರಲ್ಲಿತ್ತು. ಟೀಚರ ಹೆಸರು ಇರಲಿಲ್ಲ. ಲಿಖಿತ ಪತ್ರಿಕೆ ಅವರನ್ನು ಕೆಳಗೆಳೆದಿತ್ತು; ಕಾಯುವವರ ಸಾಲಿನಲ್ಲಿ ಮೊದಲಿಗರಾಗಿದ್ದರು, ಅಷ್ಟೆ. “ಒಬ್ಬರಾದ್ರೂ ದಡ ಸೇರಿದ್ರಲ್ಲ,” ಎಂದು ನನ್ನ ಕೈ ಕುಲುಕಿದರು. ನನಗೆ ಖುಷಿಪಡಲು ಆಗಲಿಲ್ಲ. ನನ್ನ ನಾಲಗೆಯ ಗಂಟು ಬಿಡಿಸಿದವರು ಹೊರಗೆ ಉಳಿದರು. ನಾನು ಕಲಿಸಿದ ವ್ಯಾಕರಣ ಅವರಿಗೆ ಸಾಲಲಿಲ್ಲ. ಮನೆಯಲ್ಲಿ ಹೆಂಡತಿ ಪಾಯಸ ಮಾಡಿದ್ದಳು. ತಿಂದೆ, ರುಚಿ ತಿಳಿಯಲಿಲ್ಲ.

ಜೂನಿನಲ್ಲಿ ಶಾಲೆ ತೆರೆದ ದಿನ ನಾನು ಬಿಡುಗಡೆಯ ಪತ್ರಕ್ಕೆ ಹೋಗಿದ್ದೆ. ಟೀಚರ್ ಭೂಪಟಗಳ ಕಪಾಟನ್ನು ಹೊಸಬರಿಗೆ ಒಪ್ಪಿಸುತ್ತಿದ್ದರು. ಮಧ್ಯಾಹ್ನ ಕಾಲೇಜಿನ ಜವಾನ ಸೈಕಲಿನಲ್ಲಿ ಬಂದು ಹೆಡ್ ಮಾಸ್ಟ್ರಿಗೆ ಸುದ್ದಿ ಹೇಳಿದ: ಆಯ್ಕೆಯಾದ ಒಬ್ಬರು ಬರುವುದಿಲ್ಲವಂತೆ, ಈ ಟೀಚರ್ ಇವತ್ತು ಆಫೀಸು ಮುಚ್ಚುವ ಮೊದಲು ಅಸಲು ಸರ್ಟಿಫಿಕೇಟು ಹಿಡಿದು ಬಂದರೆ ಸೀಟು ಅವರಿಗೆ, ಇಲ್ಲವಾದರೆ ಮುಂದಿನವರಿಗೆ. ಸರ್ಟಿಫಿಕೇಟು ಬಂದರಿನ ಮನೆಯಲ್ಲಿತ್ತು. ಅಲ್ಲಿಗೆ ಹೋಗಿ ಕಾಲೇಜಿಗೆ ಬರುವಷ್ಟರಲ್ಲಿ ಆಫೀಸು ಮುಚ್ಚುವುದು ಖಂಡಿತ. ಟೀಚರ್ ಬೀಗದ ಕೈ ಹಿಡಿದು ನಿಂತೇ ಇದ್ದರು.

“ನೀವು ಸೀದಾ ಕಾಲೇಜಿಗೆ ಹೋಗಿ,” ಎಂದೆ. “ಗುಮಾಸ್ತರು ಬೀಗ ಹಾಕದ ಹಾಗೆ ಮಾತಿನಲ್ಲಿ ಹಿಡಿದಿಡಿ. ಸರ್ಟಿಫಿಕೇಟು ನಾನು ತರ್ತೇನೆ.”

“ಎಂತ ಮಾತಾಡುವುದು?”

“ಟಿಕೆಟ್ ಕಳೆದುಕೊಂಡ ಪ್ರಯಾಣಿಕ!”

ಹೆಡ್ ಮಾಸ್ಟ್ರ ಸೈಕಲ್ ಕೇಳಿ ತುಳಿದೆ. ಮಳೆ ಸುರಿಯುತ್ತಿತ್ತು. ಬಂದರಿನ ಓಣಿಯಲ್ಲಿ ಕೈಗಾಡಿಗಳ ನಡುವೆ ಸೈಕಲ್ ಹೊತ್ತುಕೊಂಡೇ ಓಡಿದೆ. ತಾಯಿಗೆ “ಸರ್ಟಿಫಿಕೇಟ್, ಟೀಚರ್ದು, ಬೇಗ!” ಎಂದು ಕೂಗಿದೆ. ಅವರು ಏನೂ ಕೇಳದೆ ಶಿಲುಬೆಯಿಟ್ಟ ಅಲ್ತಾರದ ಕೆಳಗಿನ ಪೆಟ್ಟಿಗೆಯಿಂದ ಕಟ್ಟು ತೆಗೆದು, ಎಣ್ಣೆಬಟ್ಟೆಯಲ್ಲಿ ಸುತ್ತಿ ಕೊಟ್ಟರು. ಕಾಲೇಜು ಮುಟ್ಟುವಾಗ ನನ್ನ ಉಸಿರು ನನ್ನದಾಗಿರಲಿಲ್ಲ.

ಆಫೀಸಿನ ಬಾಗಿಲು ತೆರೆದಿತ್ತು. ಗುಮಾಸ್ತರು ಕೊಡೆಯನ್ನು ಕಂಕುಳಲ್ಲಿಟ್ಟು, ಬೀಗ ಕೈಯಲ್ಲಿ ಹಿಡಿದು ಹೊಸ್ತಿಲಲ್ಲಿ ನಿಂತಿದ್ದರು. ಟೀಚರ್ ಎದುರು ನಿಂತು ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ತಾನು ಯಾವಾಗ ಅರ್ಜಿ ಹಾಕಿದ್ದು, ಆಗ ಏನು ಹೇಳಲಾಗಿತ್ತು, ಸುದ್ದಿ ಬರುವ ಮೊದಲೇ ಆಫೀಸು ಮುಚ್ಚಿದ್ದರೆ ತಾನು ಏನು ಮಾಡಬೇಕಾಗಿತ್ತು. ಒಂದೊಂದು ಕ್ರಿಯಾಪದವೂ ಅದರದರ ಕಾಲದಲ್ಲಿ ಕುಳಿತಿತ್ತು. ನಾನು ಒದ್ದೆ ಕಟ್ಟನ್ನು ಮೇಜಿನ ಮೇಲಿಟ್ಟೆ. “ಸಾಕಮ್ಮಾ, ಸಾಕು,” ಎಂದು ಗುಮಾಸ್ತರು ಕುಳಿತು ಮೊಹರು ಒತ್ತಿದರು.

ಸಂಜೆ ಇಬ್ಬರೂ ಬಂದರಿನ ಮನೆಗೆ ಹೋದೆವು. ಟೀಚರ್ ಕೊಂಕಣಿಯಲ್ಲಿ ಎರಡೇ ಮಾತು ಹೇಳಿದರು. ತಾಯಿ ಶಿಲುಬೆಯ ಗುರುತು ಮಾಡಿಕೊಂಡು ಮಗಳನ್ನು ಅಪ್ಪಿಕೊಂಡರು, ನನ್ನ ಒದ್ದೆ ತಲೆ ಒರೆಸಲು ಬೈರಾಸು ಕೊಟ್ಟರು. ನನ್ನ ಎದೆಯ ಮೇಲಿನ ಕಲ್ಲು ಆ ಹೊತ್ತಿಗೆ ಇಳಿಯಿತು. ಅದುವರೆಗೆ ನನಗೆ ಸೀಟು ಸಿಕ್ಕಿರಲೇ ಇಲ್ಲವೆಂದು ಅನಿಸಿತು.

“ನಿಮ್ಮ ಪ್ರಾರ್ಥನೆಯಿಂದ ಆಯಿತಮ್ಮಾ,” ಎಂದೆ. ದೊಡ್ಡವರಿಗೆ ಹಾಗೆ ಹೇಳುವುದು ಮರ್ಯಾದೆ.

ತಾಯಿ ತಲೆಯಲ್ಲಾಡಿಸಿದರು. “ಇಲ್ಲ ಪುತಾ, ಪರೀಕ್ಷೆಗೆ ನಾನು ಪ್ರಾರ್ಥನೆ ಮಾಡ್ಲಿಲ್ಲ. ಅದು ನೀವೇ ಓದಿದ್ದು. ನಾನು ದಿನಾ ರೋಸರಿ ಹೇಳಿದ್ದು ನಿಮ್ಮಿಬ್ಬರಿಗೆ ರಾಜಿ ಆಗ್ಲಿ ಅಂತ.”

ಟೀಚರ್ ಕೊಂಕಣಿಯಲ್ಲಿ ಏನೋ ವಿವರಿಸತೊಡಗಿದರು. ತಾಯಿ ಕೈಯೆತ್ತಿ ತಡೆದರು.

“ಅಭ್ಯಾಸ ಅಂತ ಇವಳು ಹೇಳ್ತಾಳೆ. ಇಷ್ಟು ತಿಂಗಳು ಅಷ್ಟು ದೊಡ್ಡ ಬೊಬ್ಬೆ ಹಾಕಿ ಯಾರು ಅಭ್ಯಾಸ ಮಾಡ್ತಾರೆ? ನಾನು ಮುದುಕಿ, ಕಿವುಡಿ ಅಲ್ಲ. ಇವತ್ತು ಅವಳಿಗೋಸ್ಕರ ನೀವು ಮಳೆಗೆ ಓಡಿ ಬಂದ್ರಲ್ಲ, ಆಗ ಗೊತ್ತಾಯ್ತು, ರಾಜಿ ಆಯ್ತು ಅಂತ. ನನಗೆ ಅಷ್ಟು ಸಾಕು. ಕೂತ್ಕೊಳ್ಳಿ, ಕಾಫಿ ತರ್ತೇನೆ.”